ಕೃತಿಸ್ವಾಮ್ಯವೂ ಜ್ಞಾನಸ್ವಾತಂತ್ರ್ಯವೂ

ಹತ್ತನೆಯ ಶತಮಾನದಲ್ಲಿ ಬಾಳಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ಹಂಚಿದಳೆಂಬುದು ಕನ್ನಡಿಗರೆಲ್ಲರೂ ಹೆಮ್ಮೆಯಿಂದ ನೆನೆಯುವ ಸಂಗತಿ. ಅಂದು ಗ್ರಂಥವನ್ನು ಪ್ರತಿ ಮಾಡುವುದು ಅಪರಾಧವಾಗಿರಲಿಲ್ಲ, ಪುಣ್ಯಕಾರ್ಯವಾಗಿತ್ತು. ಪ್ರತಿ ಮಾಡುವವರು ಇಲ್ಲದೆ ಹೋಗಿದ್ದರೆ ಎಷ್ಟೋ ಕಾವ್ಯಗಳು ಗೆದ್ದಲಿನ ಪಾಲಾಗುತ್ತಿದ್ದವು. ಕವಿಗೆ ರಾಜಾಶ್ರಯವಿದ್ದುದರಿಂದ ಪ್ರತಿಗಳು ಹೆಚ್ಚಿದಷ್ಟೂ ಅವನ ಕೀರ್ತಿ ಬೆಳೆಯುತ್ತಿತ್ತೇ ಹೊರತು ಗಳಿಕೆ ಕುಂದುತ್ತಿರಲಿಲ್ಲ. ಇಂದು ಬದುಕಿರುವ ಲೇಖಕನೊಬ್ಬನ ಕಾದಂಬರಿಯನ್ನು ಅವನ ಒಪ್ಪಿಗೆಯಿಲ್ಲದೆ ಯಾರಾದರೂ ಸಾವಿರ ಪ್ರತಿ ಮಾಡಿ ಹಂಚಿದರೆ ಅದು ಕಾನೂನಿನ ಕಣ್ಣಿಗೆ ತಪ್ಪು. ಒಂದೇ ಕೆಲಸ ಒಂದು ಕಾಲದಲ್ಲಿ ದಾನವೆನಿಸಿ ಮತ್ತೊಂದು ಕಾಲದಲ್ಲಿ ಚೌರ್ಯವೆನಿಸಿದ್ದು ಹೇಗೆ? ಆ ಚೌರ್ಯವನ್ನು ತಡೆಯುವ ನೆಪದಲ್ಲಿ ರಾಜ್ಯಶಕ್ತಿಯು ಎಲ್ಲಿಯವರೆಗೆ ಹೋಗಬಹುದು? ಈ ಎರಡು ಪ್ರಶ್ನೆಗಳನ್ನು ಇಂದಿನ ಪ್ರತಿಯೊಬ್ಬ ಪ್ರಜೆಯೂ ಆಲೋಚಿಸಬೇಕಾಗಿದೆ.

ಮುದ್ರಣಯಂತ್ರವು ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಗ್ರಂಥವು ಮಾರಾಟದ ಸರಕಾಯಿತು. ಅರಸನ ಆಶ್ರಯವನ್ನು ಕಳೆದುಕೊಂಡ ಲೇಖಕನು ಓದುಗನ ಆಶ್ರಯವನ್ನು ಬೇಡಬೇಕಾಯಿತು. ಒಬ್ಬನು ಶ್ರಮಪಟ್ಟು ಬರೆದುದನ್ನು ಮತ್ತೊಬ್ಬನು ಅಚ್ಚು ಹಾಕಿಸಿ ಹಣ ಮಾಡಿಕೊಳ್ಳುವುದು ಅನ್ಯಾಯವೆಂಬ ಭಾವನೆ ಬೆಳೆಯಿತು. ಇಂಗ್ಲೆಂಡಿನಲ್ಲಿ 1710ರಲ್ಲಿ ಜಾರಿಗೆ ಬಂದ ಶಾಸನವು ಹೊಸ ಗ್ರಂಥಗಳ ಮೇಲೆ ಕೃತಿಕಾರನಿಗೆ 14 ವರ್ಷಗಳ ಹಕ್ಕನ್ನು ನೀಡಿತು. ಆ ಅವಧಿ ಮುಗಿದಾಗ ಅವನು ಬದುಕಿದ್ದರೆ ಇನ್ನೂ 14 ವರ್ಷ ದೊರೆಯುತ್ತಿತ್ತು. ವಿದ್ಯೆಗೆ ಪ್ರೋತ್ಸಾಹ ನೀಡುವುದೇ ತನ್ನ ಉದ್ದೇಶವೆಂದು ಆ ಶಾಸನವು ತನ್ನ ಶಿರೋನಾಮೆಯಲ್ಲಿಯೇ ಸಾರಿತು. ಹಕ್ಕು ಕೃತಿಕಾರನಿಗೆ, ಆದರೆ ಗುರಿ ಸಮಾಜದ ಜ್ಞಾನವೃದ್ಧಿ. ಇದೇ ಕೃತಿಸ್ವಾಮ್ಯದ ಮೂಲತತ್ತ್ವ. ಅದು ಬರೆದವನಿಗೂ ಓದುವವನಿಗೂ ನಡುವೆ ಆದ ಒಂದು ಒಡಂಬಡಿಕೆ.

ಈ ಒಡಂಬಡಿಕೆಯಲ್ಲಿ ಓದುವವನ ಪಾಲು ಕಾಲಕ್ರಮದಲ್ಲಿ ಕಿರಿದಾಗುತ್ತ ಬಂದಿತು. ಅಮೆರಿಕದಲ್ಲಿ ಕೃತಿಸ್ವಾಮ್ಯದ ಅವಧಿಯನ್ನು 1998ರಲ್ಲಿ ಲೇಖಕನ ಮರಣಾನಂತರ 70 ವರ್ಷಗಳವರೆಗೆ ವಿಸ್ತರಿಸಲಾಯಿತು. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮವು ಮರಣಾನಂತರ 50 ವರ್ಷಗಳ ಅವಧಿಯನ್ನು ಗೊತ್ತುಪಡಿಸಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ, 1992ರ ತಿದ್ದುಪಡಿಯ ಮೂಲಕ ಅದನ್ನು 60 ವರ್ಷಗಳಿಗೆ ಏರಿಸಲಾಯಿತು. ಕವಿಯ ಮೇಲಿನ ಗೌರವ ದೊಡ್ಡದೇ. ಆದರೆ ಆತನ ಕವಿತೆಗಳು ಎಲ್ಲರ ಆಸ್ತಿಯಾಗುವ ದಿನವು ಹತ್ತು ವರ್ಷ ಮುಂದಕ್ಕೆ ಹೋಯಿತೆಂಬುದೂ ಅಷ್ಟೇ ನಿಜ.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಅಂತರಜಾಲವು ಮನೆಮನೆಗೆ ಕಾಲಿರಿಸಿತು. ಒಂದು ಹಾಡನ್ನಾಗಲಿ, ಗ್ರಂಥವನ್ನಾಗಲಿ, ಚಲನಚಿತ್ರವನ್ನಾಗಲಿ ಕ್ಷಣಮಾತ್ರದಲ್ಲಿ, ಖರ್ಚಿಲ್ಲದೆ, ಮೂಲಕ್ಕೆ ಕಿಂಚಿತ್ತೂ ಕೊರತೆಯಾಗದಂತೆ ಪ್ರತಿ ಮಾಡಬಹುದಾದ ಯುಗ ಬಂದಿತು. ಜ್ಞಾನಾರ್ಥಿಗೆ ಇದು ಕಾಮಧೇನು. ಕೃತಿಚೋರನಿಗೂ ಇದೇ ಕಾಮಧೇನು. ಚಲನಚಿತ್ರ, ಸಂಗೀತಗಳ ಉದ್ಯಮದವರು ತಮಗಾಗುತ್ತಿದ್ದ ನಷ್ಟವನ್ನು ಕಂಡು ಕಳವಳಗೊಂಡು, ಕಠಿಣವಾದ ಶಾಸನಗಳು ಬೇಕೆಂದು ಒತ್ತಾಯಿಸತೊಡಗಿದರು. ಅವರ ಕಳವಳ ಸುಳ್ಳಾಗಿರಲಿಲ್ಲ. ಒಂದು ಚಲನಚಿತ್ರದ ಹಿಂದೆ ನಟರಷ್ಟೇ ಅಲ್ಲದೆ ಬಡಗಿಗಳು, ದರ್ಜಿಗಳು, ದೀಪ ಹಿಡಿಯುವವರು, ವಾದ್ಯಗಾರರು ಮೊದಲಾದ ನೂರಾರು ಜನರ ದುಡಿಮೆಯಿರುತ್ತದೆ. ಆ ದುಡಿಮೆಯ ಫಲವನ್ನು ಕದ್ದು ಮಾರುವವನನ್ನು ಯಾರೂ ಸಮರ್ಥಿಸಲಾರರು. ವಿವಾದವೆದ್ದದ್ದು ರೋಗದ ಬಗ್ಗೆಯಲ್ಲ, ಚಿಕಿತ್ಸೆಯ ಬಗ್ಗೆ.

2011ರಲ್ಲಿ ಅಮೆರಿಕದ ಶಾಸನಸಭೆಯ ಎರಡು ಸದನಗಳಲ್ಲಿಯೂ ಇಂತಹ ಮಸೂದೆಗಳು ಮಂಡಿತವಾದವು. ಮೇ ತಿಂಗಳಿನಲ್ಲಿ ಸೆನೆಟ್ಟಿನಲ್ಲಿ ಮಂಡಿತವಾದುದು ‘ಪೀಪ’ ಎಂದೂ, ಅಕ್ಟೋಬರಿನಲ್ಲಿ ಪ್ರತಿನಿಧಿ ಸಭೆಯಲ್ಲಿ ಮಂಡಿತವಾದುದು ‘ಸೋಪ’ ಎಂದೂ ಹೆಸರಾದವು. ಕೃತಿಚೌರ್ಯಕ್ಕೆ ಎಡೆಗೊಡುವ ವಿದೇಶಿ ತಾಣಗಳನ್ನು ಅಮೆರಿಕದ ಜನರ ಕಣ್ಣಿಗೆ ಬೀಳದಂತೆ ಮಾಡುವುದು ಅವುಗಳ ಗುರಿ. ನ್ಯಾಯಾಲಯದ ಆದೇಶವಾದೊಡನೆ ಹುಡುಕುವ ಯಂತ್ರಗಳು ಆ ತಾಣದ ಕೊಂಡಿಗಳನ್ನು ತೆಗೆದುಹಾಕಬೇಕು. ಜಾಹೀರಾತು ಮತ್ತು ಹಣಪಾವತಿಯ ಸಂಸ್ಥೆಗಳು ಅದರೊಡನೆ ವ್ಯವಹಾರ ನಿಲ್ಲಿಸಬೇಕು. ಅಂತರಜಾಲದ ಸಂಪರ್ಕ ಒದಗಿಸುವವರು ಆ ತಾಣದ ಹೆಸರನ್ನು ಗುರುತಿಸದಂತೆ ತಡೆಯಬೇಕು.

ಈ ಕೊನೆಯ ವಿಧಾನವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅಂತರಜಾಲದ ಪ್ರತಿಯೊಂದು ತಾಣಕ್ಕೂ ಜನರು ನೆನಪಿಡಬಲ್ಲ ಒಂದು ಹೆಸರೂ, ಯಂತ್ರಗಳು ಬಳಸುವ ಅಂಕೆಗಳ ಒಂದು ವಿಳಾಸವೂ ಇರುತ್ತವೆ. ಹೆಸರನ್ನು ಕೇಳಿದೊಡನೆ ವಿಳಾಸವನ್ನು ತಿಳಿಸುವ ವ್ಯವಸ್ಥೆಯು ಜಗತ್ತಿಗೆಲ್ಲ ಒಂದೇ. ಆ ವ್ಯವಸ್ಥೆಯಿಂದ ಒಂದು ಹೆಸರನ್ನು ಅಳಿಸುವುದೆಂದರೆ, ಊರಿನಲ್ಲಿ ಕಳ್ಳನಿದ್ದಾನೆಂದು ಆ ಊರಿನ ಹೆಸರನ್ನೇ ಅಂಚೆಯ ಪಟ್ಟಿಯಿಂದ ಹೊಡೆದುಹಾಕಿದಂತೆ. ಕಳ್ಳನಿಗೆ ಊರಿನ ದಾರಿ ಗೊತ್ತಿದೆ; ದಾರಿ ತಪ್ಪುವವನು ಸಾಮಾನ್ಯ ಪಯಣಿಗ. ಊರಿನ ಮಿಕ್ಕ ಸಜ್ಜನರಿಗೆ ಬರಬೇಕಾದ ಕಾಗದಗಳೂ ಬಾರದೆ ಹೋಗುತ್ತವೆ. ಅಂತರಜಾಲವನ್ನು ಕಟ್ಟಿ ಬೆಳೆಸುವುದರಲ್ಲಿ ಪಾಲ್ಗೊಂಡಿದ್ದ 83 ಮಂದಿ ತಜ್ಞರು 2011ರ ಡಿಸೆಂಬರಿನಲ್ಲಿ ಬಹಿರಂಗ ಪತ್ರವೊಂದನ್ನು ಬರೆದು, ಈ ಕ್ರಮದಿಂದ ಜಾಲದ ಭದ್ರತೆಯೇ ಶಿಥಿಲವಾಗುವುದೆಂದು ಎಚ್ಚರಿಸಿದರು. ಇದಕ್ಕಿಂತಲೂ ಗಂಭೀರವಾದ ಆಕ್ಷೇಪವೊಂದಿತ್ತು. ಒಂದು ತಾಣದಲ್ಲಿ ಲಕ್ಷಾಂತರ ಜನರು ಬರೆಯುತ್ತಾರೆ. ಅವರಲ್ಲಿ ಕೆಲವರ ತಪ್ಪಿಗಾಗಿ ತಾಣವನ್ನೇ ಮುಚ್ಚುವ ಭಯವಿದ್ದರೆ, ತಾಣದ ಒಡೆಯನು ಸಂದೇಹ ಬಂದುದನ್ನೆಲ್ಲ ತಾನಾಗಿಯೇ ಅಳಿಸತೊಡಗುತ್ತಾನೆ. ಹೀಗೆ ಕೃತಿರಕ್ಷಣೆಗೆಂದು ಹೊರಟ ಶಾಸನವು ವಾಕ್ಕಿಗೆ ಅಂಕುಶವಾಗಿ ಪರಿಣಮಿಸುತ್ತದೆ.

ಜನರು ಇದನ್ನು ಮೌನವಾಗಿ ಸಹಿಸಲಿಲ್ಲ. 2012ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ ಎಂಬ ವಿಶ್ವಕೋಶವು 24 ಗಂಟೆಗಳ ಕಾಲ ತನ್ನ ಪುಟಗಳನ್ನು ಮರೆಮಾಡಿ, ಕಪ್ಪು ತೆರೆಯೊಂದನ್ನು ಮಾತ್ರ ತೋರಿಸಿತು. ಜ್ಞಾನವು ಮುಕ್ತವಾಗಿಲ್ಲದ ಜಗತ್ತು ಹೇಗಿರಬಹುದೆಂಬುದನ್ನು ಮಾತಿಲ್ಲದೆ ಕಾಣಿಸಿಕೊಡುವುದೇ ಅದರ ಆಶಯ. 16 ಕೋಟಿಗೂ ಹೆಚ್ಚು ಜನರು ಆ ಕಪ್ಪು ಪುಟವನ್ನು ಕಂಡರು. 80 ಲಕ್ಷಕ್ಕೂ ಹೆಚ್ಚು ಮಂದಿ ಅದರ ಮೂಲಕ ತಮ್ಮ ಪ್ರತಿನಿಧಿಗಳ ವಿಳಾಸವನ್ನು ಹುಡುಕಿದರು. ಅದೇ ದಿನ ಗೂಗಲ್ ಸಂಸ್ಥೆಯು ಲಕ್ಷಾಂತರ ಸಹಿಗಳನ್ನು ಸಂಗ್ರಹಿಸಿತು. ಎರಡು ದಿನಗಳೊಳಗೆ, ಎಂದರೆ ಜನವರಿ 20ರಂದು, ಎರಡೂ ಸದನಗಳಲ್ಲಿ ಮಸೂದೆಗಳನ್ನು ಮುಂದೂಡಲಾಯಿತು. ಅವು ಮತ್ತೆ ಮೇಲೇಳಲಿಲ್ಲ.

ಆ ಅಲೆ ಯೂರೋಪಿಗೂ ಹಬ್ಬಿತು. ಖೋಟಾ ಸರಕು ಮತ್ತು ಕೃತಿಚೌರ್ಯಗಳನ್ನು ತಡೆಯುವುದಕ್ಕೆಂದು ಕೆಲವು ದೇಶಗಳು ‘ಆಕ್ಟ’ ಎಂಬ ಒಪ್ಪಂದವನ್ನು ಬಹುಮಟ್ಟಿಗೆ ಮುಚ್ಚಿದ ಬಾಗಿಲಿನ ಹಿಂದೆ ರೂಪಿಸಿದ್ದವು. 2012ರ ಜನವರಿ 26ರಂದು ಟೋಕಿಯೋದಲ್ಲಿ ಯೂರೋಪಿನ ಒಕ್ಕೂಟವೂ ಅದರ 22 ಸದಸ್ಯ ರಾಷ್ಟ್ರಗಳೂ ಅದಕ್ಕೆ ಸಹಿ ಹಾಕಿದವು. ಪೋಲೆಂಡಿನ ಊರುಗಳಲ್ಲಿ ಕೊರೆಯುವ ಚಳಿಯನ್ನು ಲೆಕ್ಕಿಸದೆ ತರುಣರು ಬೀದಿಗಿಳಿದರು. ಫೆಬ್ರವರಿ 11ರಂದು ಯೂರೋಪಿನ ಹಲವು ನಗರಗಳಲ್ಲಿ ಮೆರವಣಿಗೆಗಳು ನಡೆದವು. ಜುಲೈ 4ರಂದು ಯೂರೋಪಿನ ಸಂಸತ್ತು 39ರ ವಿರುದ್ಧ 478 ಮತಗಳಿಂದ ಆ ಒಪ್ಪಂದವನ್ನು ತಿರಸ್ಕರಿಸಿತು. ಪ್ರಜೆಗಳ ಬದುಕಿಗೆ ತಟ್ಟುವ ನಿಯಮವನ್ನು ಪ್ರಜೆಗಳಿಗೆ ತಿಳಿಯದಂತೆ ರೂಪಿಸಬಾರದೆಂಬ ಪಾಠವನ್ನು ಆ ಮತದಾನವು ಆಳುವವರಿಗೆ ಕಲಿಸಿತು.

ಇದೇ ಸಮಸ್ಯೆ ಭಾರತದಲ್ಲಿಯೂ ತಲೆದೋರಿತು. 2012ರಲ್ಲಿ ಚಲನಚಿತ್ರಗಳ ಅಕ್ರಮ ಪ್ರಸಾರವನ್ನು ತಡೆಯಬೇಕೆಂದು ಮದ್ರಾಸ್ ಉಚ್ಚ ನ್ಯಾಯಾಲಯವು ನೀಡಿದ ಆದೇಶವನ್ನು ಪಾಲಿಸಲು ಹೊರಟ ಸಂಪರ್ಕ ಸಂಸ್ಥೆಗಳು, ಯಾವ ತಪ್ಪನ್ನೂ ಮಾಡದವರ ಚಿತ್ರಗಳಿದ್ದ ತಾಣಗಳನ್ನೂ ಇಡಿಯಾಗಿ ಮುಚ್ಚಿಬಿಟ್ಟವು. ಬೆಂಗಳೂರು, ಮುಂಬಯಿ ಮೊದಲಾದ ನಗರಗಳಲ್ಲಿ ತರುಣರು ಪ್ರತಿಭಟಿಸಿದರು. ಆ ಜೂನ್ ತಿಂಗಳಿನಲ್ಲಿ ನ್ಯಾಯಾಲಯವು, ತನ್ನ ಆದೇಶವು ಅಕ್ರಮ ಪ್ರತಿಯಿರುವ ನಿರ್ದಿಷ್ಟ ಪುಟಕ್ಕೆ ಮಾತ್ರ ಅನ್ವಯಿಸುವುದೇ ಹೊರತು ಇಡೀ ತಾಣಕ್ಕಲ್ಲವೆಂದು ಸ್ಪಷ್ಟಪಡಿಸಿತು. ಅದೇ ವರ್ಷದ ನವೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರದಲ್ಲಿ, ಫೇಸ್‌ಬುಕ್ಕಿನಲ್ಲಿ ವ್ಯಕ್ತಪಡಿಸಿದ ಒಂದು ಅಭಿಪ್ರಾಯಕ್ಕಾಗಿ ಇಬ್ಬರು ತರುಣಿಯರ ಬಂಧನವಾಯಿತು. ಕಿರಿಕಿರಿಯುಂಟುಮಾಡುವ ಸಂದೇಶವನ್ನೂ ಅಪರಾಧವೆಂದು ಎಣಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಎ ವಿಧಿಯು ಅದರಿಂದ ದೇಶದ ಗಮನಕ್ಕೆ ಬಂದಿತು. ತರುಣಿಯೊಬ್ಬಳು ಅದನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದಳು. 2015ರ ಮಾರ್ಚ್ 24ರಂದು ನ್ಯಾಯಾಲಯವು ಆ ವಿಧಿಯನ್ನು ಸಂವಿಧಾನಬಾಹಿರವೆಂದು ರದ್ದುಪಡಿಸಿತು. ಆದರೆ ಕೆಲವು ಕಾರಣಗಳಿಗಾಗಿ ತಾಣಗಳನ್ನು ತಡೆಯಲು ಸರಕಾರಕ್ಕೆ ಅಧಿಕಾರ ನೀಡುವ 69ಎ ವಿಧಿಯನ್ನು ಎತ್ತಿಹಿಡಿಯಿತು. ಸ್ವಾತಂತ್ರ್ಯಕ್ಕೆ ಮಿತಿಯುಂಟು, ಆದರೆ ಆ ಮಿತಿಯ ಗೆರೆ ಸ್ಪಷ್ಟವಾಗಿರಬೇಕು ಎಂಬುದೇ ಆ ತೀರ್ಪಿನ ಸಾರ.

ವಿರೋಧಿಸಿದವರೆಲ್ಲರೂ ನಿಃಸ್ವಾರ್ಥಿಗಳಾಗಿದ್ದರೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಅಂತರಜಾಲದ ದೊಡ್ಡ ಸಂಸ್ಥೆಗಳಿಗೆ ಆ ಮಸೂದೆಗಳು ಸೋಲುವುದರಲ್ಲಿ ವ್ಯಾಪಾರದ ಲಾಭವೂ ಇತ್ತು. ಎಲ್ಲವೂ ಬಿಟ್ಟಿಯಾಗಿ ದೊರೆಯಬೇಕೆಂಬ ಆಸೆಯಿಂದಲೇ ಕೂಗಿದವರೂ ಗುಂಪಿನಲ್ಲಿದ್ದಿರಬೇಕು. ವಿರೋಧವು ಎಲ್ಲೆಡೆಯೂ ಗೆಲ್ಲಲೂ ಇಲ್ಲ. 2019ರ ಮಾರ್ಚಿನಲ್ಲಿ ಜರ್ಮನಿಯ ಬೀದಿಗಳಲ್ಲಿ ಸಹಸ್ರಾರು ಜನರು ಮೆರವಣಿಗೆ ನಡೆಸಿದರೂ ಯೂರೋಪಿನ ಸಂಸತ್ತು ಹೊಸ ಕೃತಿಸ್ವಾಮ್ಯ ನಿರ್ದೇಶವನ್ನು 274ರ ವಿರುದ್ಧ 348 ಮತಗಳಿಂದ ಅಂಗೀಕರಿಸಿತು. ಬಳಕೆದಾರರು ಏರಿಸುವ ಅಕ್ರಮ ಪ್ರತಿಗಳಿಗೆ ದೊಡ್ಡ ತಾಣಗಳೇ ಹೊಣೆಯಾಗಬೇಕೆಂಬುದು ಅದರ ಒಂದು ಅಂಶ. ಬರಹಗಾರರೂ ಸಂಗೀತಗಾರರೂ ಹಲವರು ಅದನ್ನು ಸ್ವಾಗತಿಸಿದರು. ಅವರ ಮಾತನ್ನೂ ಕೇಳದೆ ತೀರ್ಪು ನೀಡುವುದು ನ್ಯಾಯವಲ್ಲ.

ಹಾಗಾದರೆ ಸರಿಯಾದ ಮಾರ್ಗ ಯಾವುದು? ತಪ್ಪು ಮಾಡಿದವನನ್ನು ಶಿಕ್ಷಿಸಬೇಕು, ದಾರಿಯನ್ನು ಮುಚ್ಚಬಾರದು. ತಡೆಯುವ ಮುನ್ನ ಆರೋಪಿಯ ಮಾತನ್ನು ಕೇಳಬೇಕು. ತಡೆದ ಮೇಲೆ ಕಾರಣವನ್ನು ಬಹಿರಂಗವಾಗಿ ತಿಳಿಸಬೇಕು. ತಪ್ಪಾಗಿ ತಡೆದುದನ್ನು ಬೇಗನೆ ತೆರೆಯಬೇಕು. ಅಧ್ಯಯನ, ವಿಮರ್ಶೆ, ಬೋಧನೆಗಳಿಗಾಗಿ ಮಾಡುವ ನ್ಯಾಯವಾದ ಬಳಕೆಗೆ ಭಾರತದ ಕಾನೂನೇ ಅವಕಾಶವಿತ್ತಿದೆ. ಆ ಅವಕಾಶಕ್ಕೆ ಧಕ್ಕೆ ಬರಬಾರದು. ಕೃತಿಗಳು ಸುಲಭವಾಗಿ, ಕೈಗೆಟಕುವ ಬೆಲೆಗೆ ದೊರೆಯುವಂತಾದರೆ ಕದಿಯುವವರ ಸಂಖ್ಯೆ ತಾನಾಗಿ ಇಳಿಯುತ್ತದೆ. ಬಾವಿಗೆ ಬೇಲಿ ಹಾಕುವುದಕ್ಕಿಂತ ಮೆಟ್ಟಿಲು ಕಟ್ಟುವುದು ಮೇಲು.

ಪ್ರಜೆಯ ಮೇಲೆಯೂ ಒಂದು ಹೊಣೆಯುಂಟು. ತನ್ನ ಮಾತಿಗೆ ಸ್ವಾತಂತ್ರ್ಯ ಬೇಕೆನ್ನುವವನು ಇತರರ ದುಡಿಮೆಗೆ ಬೆಲೆ ಕೊಡಬೇಕು. ಹೊಸ ಚಿತ್ರವನ್ನು ಕದ್ದು ನೋಡುತ್ತ ಜ್ಞಾನಸ್ವಾತಂತ್ರ್ಯದ ಹೆಸರು ಹೇಳುವವನು ಆ ಸ್ವಾತಂತ್ರ್ಯದ ಮಿತ್ರನಲ್ಲ. ಅವನು ಬೇಲಿ ಕಟ್ಟುವವರ ಕೈಗೆ ತಾನೇ ಮುಳ್ಳನ್ನು ಒದಗಿಸುತ್ತಾನೆ. ಗೌರವದಿಂದ ಬಳಸಿ, ಮೂಲವನ್ನು ನೆನೆದು, ಪಡೆದುದನ್ನು ಹಂಚುವವನೇ ಅದರ ನಿಜವಾದ ರಕ್ಷಕ. ಅತ್ತಿಮಬ್ಬೆಯು ಹಂಚಿದ ಸಾವಿರ ಪ್ರತಿಗಳು ಪೊನ್ನನ ಹೆಸರನ್ನು ಅಳಿಸಲಿಲ್ಲ, ಬೆಳಗಿಸಿದವು. ಕೃತಿಕಾರನ ಹೆಸರೂ ಅನ್ನವೂ ಉಳಿದು, ಕೃತಿಯ ಬೆಳಕು ಎಲ್ಲರ ಮನೆಗೂ ತಲಪುವಂತೆ ಮಾಡುವ ಶಾಸನವೇ ಒಳ್ಳೆಯ ಶಾಸನ. ಅಂತಹ ಶಾಸನವನ್ನು ಕೇಳಿ ಪಡೆಯುವ ಕೆಲಸ ಎಚ್ಚೆತ್ತ ಪ್ರಜೆಗಳದು.