ಹಕ್ಕಿಗೆ ಕೊಡುವುದಾದರೆ ಒಳ್ಳೆಯದನ್ನೇ ಕೊಡೋಣ

ಕಠೋಪನಿಷತ್ತಿನ ನಚಿಕೇತನ ಕಥೆ ನಮಗೆಲ್ಲ ಗೊತ್ತಿರುವಂಥದೇ. ಅವನ ತಂದೆ ಯಾಗ ಮಾಡಿ ಗೋದಾನಕ್ಕೆ ನಿಂತಾಗ ದಾನಕ್ಕೆ ಬಂದುವು ಮುದಿ ಹಸುಗಳು. ಅವುಗಳ ಹಾಲು ಬತ್ತಿತ್ತು, ಮೇಯುವ ಕಾಲವೂ ಮುಗಿದಿತ್ತು. ಇಂಥದನ್ನು ಕೊಟ್ಟರೆ ಪುಣ್ಯ ಬರುವುದುಂಟೇ ಎಂದು ಬಾಲಕನ ಮನಸ್ಸು ಕಳವಳಗೊಂಡಿತು. ತನಗೆ ಬೇಡವಾದುದನ್ನು ಇನ್ನೊಬ್ಬರಿಗೆ ದಾಟಿಸುವುದು ದಾನವಲ್ಲ ಎಂಬ ಆ ವಿವೇಕ ಯಾಗಶಾಲೆಗೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮ ಹಿತ್ತಿಲಿನ ಹಕ್ಕಿಗಳ ವಿಷಯದಲ್ಲೂ ಅದು ಸಲ್ಲುತ್ತದೆಂದು ನಮ್ಮ ಅಭಿಪ್ರಾಯ.

ಹಕ್ಕಿಗಳ ಮೇಲಿನ ಪ್ರೀತಿಯಿಂದ ಬೇಸಗೆಯಲ್ಲಿ ಮಣ್ಣಿನ ಪಾತ್ರೆಯಲ್ಲಿ ನೀರಿಡುವವರು ಅನೇಕರಿದ್ದಾರೆ. ಅದು ಸಂತೋಷದ ಸಂಗತಿಯೇ. ಅದರ ಜೊತೆಗೆ ಇನ್ನೊಂದು ಸಲಹೆಯೂ ಬಾಯಿಂದ ಬಾಯಿಗೆ ಹರಡಿದೆ. ಮನೆಯಲ್ಲಿ ಉಳಿದ ನೂಲು, ಉಲ್ಲನ್ ತುಂಡು, ಬಾಚಣಿಗೆಯ ಕೂದಲು, ದರ್ಜಿಯಂಗಡಿಯ ಬಟ್ಟೆ ಚೂರು, ಇವನ್ನೆಲ್ಲ ಗಿಡಕ್ಕೆ ತೂಗಹಾಕಿದರೆ ಹಕ್ಕಿಗಳು ಗೂಡು ಕಟ್ಟಲು ಒಯ್ಯುತ್ತವೆ ಎಂಬುದು ಆ ಸಲಹೆ. ಕಸವೂ ಕಡಿಮೆಯಾಯಿತು, ಪುಣ್ಯವೂ ಬಂತು ಎಂಬ ಲೆಕ್ಕ. ಈ ಲೆಕ್ಕವನ್ನು ಸ್ವಲ್ಪ ಪರಿಶೀಲಿಸಬೇಕಾಗಿದೆ.

ಹಕ್ಕಿಯ ಗೂಡೆಂದರೆ ಸಿಕ್ಕಿದ್ದನ್ನೆಲ್ಲ ತುರುಕಿದ ಬುಟ್ಟಿಯಲ್ಲ. ಗಂಡು ಗೀಜಗ ಬತ್ತದ ಗರಿಯನ್ನೂ ತೆಂಗಿನ ಗರಿಯನ್ನೂ ಎಳೆಎಳೆಯಾಗಿ ಸೀಳಿ ತಂದು ನೇಯುತ್ತದೆ. ಅರ್ಧ ಕಟ್ಟಿದ ಗೂಡನ್ನು ಹೆಣ್ಣು ಬಂದು ನೋಡಿ ಒಪ್ಪಿದ ಮೇಲೆಯೇ ಅದು ಪೂರ್ತಿಯಾಗುವುದು. ಎಲೆ ಹೊಲಿಯುವ ಸಿಂಪಿಗ ಹಕ್ಕಿ ಕೊಕ್ಕಿನಿಂದ ಎಲೆಯಂಚಿಗೆ ತೂತು ಕೊರೆದು ನಾರನ್ನೋ ಹತ್ತಿಯನ್ನೋ ಪೋಣಿಸುತ್ತದೆ. ಸೂರಕ್ಕಿಯ ತೂಗುಚೀಲಕ್ಕೆ ಜೇಡರ ಬಲೆಯೇ ಅಂಟು. ಇವೆಲ್ಲ ಸಮಯ ಬಂದಾಗ ಹರಿಯುವ, ಮಳೆಗೆ ಕರಗುವ, ಮಣ್ಣಾಗುವ ವಸ್ತುಗಳು.

ನೈಲಾನ್ ನೂಲಿಗೆ ಆ ಗುಣವಿಲ್ಲ. ಮರಿಯ ಕಾಲಿಗೆ ಹುಲ್ಲೆಳೆ ಸುತ್ತಿದರೆ ಒದ್ದಾಟದಲ್ಲಿ ತುಂಡಾದೀತು. ನೈಲಾನ್ ಎಳೆ ಸುತ್ತಿದರೆ ಕಾಲು ಬೆಳೆದಷ್ಟೂ ಬಿಗಿಯುತ್ತದೆ. ರಕ್ತದ ಓಟ ನಿಂತು ಕಾಲು ಕೊಳೆಯುತ್ತದೆ. ರೆಕ್ಕೆ ಬಲಿತರೂ ಮರಿ ಗೂಡಿಗೇ ಕಟ್ಟಿಹಾಕಿದಂತೆ ಉಳಿಯುತ್ತದೆ. ಉದ್ದನೆಯ ತಲೆಕೂದಲೂ ಇದೇ ಕೆಲಸ ಮಾಡುತ್ತದೆ. ಇನ್ನು ಪ್ಲಾಸ್ಟಿಕ್ ಹಾಳೆಯ ಚೂರು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕಾಸರಗೋಡಿನಲ್ಲಿ ನೀರು ಇಳಿಯದ ಗೂಡು ಮರಿಗಳಿಗೆ ತೊಟ್ಟಿಲಾಗದು, ತೊಟ್ಟಿಯಾದೀತು.

"ತನಗೆ ಬೇಕಾದ್ದು ಯಾವುದೆಂದು ಹಕ್ಕಿಗೆ ತಿಳಿಯದೇ?" ಎಂದು ಕೆಲವರು ಕೇಳುವುದುಂಟು. ಕಾಡಿನ ನಾರಿನ ಮಟ್ಟಿಗೆ ತಿಳಿಯುತ್ತದೆ, ಒಪ್ಪೋಣ. ಆದರೆ ಕಾರ್ಖಾನೆಯ ನೂಲು ಹಕ್ಕಿಯ ವಂಶಕ್ಕೆ ನಿನ್ನೆ ಮೊನ್ನೆ ಬಂದ ಅತಿಥಿ. ಪೇಟೆಯ ಕಾಗೆಗಳು ತಂತಿಯ ತುಂಡುಗಳಿಂದ ಗೂಡು ಕಟ್ಟುವುದನ್ನು ನಾವು ಕಾಣುತ್ತೇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮನುಷ್ಯರಿಗೇ ಗಾದೆ ಕಟ್ಟಿ ಹೇಳಬೇಕಾಗಿರುವಾಗ ಹಕ್ಕಿಯ ತಿಳಿವಳಿಕೆಯ ಮೇಲೆ ಹೊಣೆ ಹೊರಿಸುವುದು ನ್ಯಾಯವಲ್ಲ.

ಕಣ್ಣಿಗೆ ಕಾಣದ ಅಪಾಯವೂ ಇದೆ. ಸಾಕುನಾಯಿಯ ಮೈಯ ಉಣ್ಣಿ, ಚಿಗಟಗಳನ್ನು ಕೊಲ್ಲಲು ಔಷಧಿ ಹಾಕುವವರು ಅದರ ಬಾಚಿದ ರೋಮವನ್ನು ಹಕ್ಕಿಗಳಿಗೆಂದು ಇಡುತ್ತಾರೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದವರು 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಮ ಹಾಸಿದ 103 ಗೂಡುಗಳನ್ನು ಪರೀಕ್ಷಿಸಿದಾಗ ಒಂದೂ ಬಿಡದೆ ಎಲ್ಲದರಲ್ಲೂ ಕೀಟನಾಶಕ ಸಿಕ್ಕಿತು. ವಿಷ ಹೆಚ್ಚಿದ್ದ ಗೂಡುಗಳಲ್ಲಿ ಒಡೆಯದ ಮೊಟ್ಟೆ, ಸತ್ತ ಮರಿಗಳೂ ಹೆಚ್ಚಾಗಿದ್ದುವು. ಕಾಣದ ವಿಷ ಏನು ಮಾಡಬಲ್ಲುದೆಂದು ನಮ್ಮ ಜಿಲ್ಲೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಗಳಿಗೂ ಮಿಕ್ಕಿ ಸುರಿದ ಎಂಡೋಸಲ್ಫಾನ್ 2000ದಲ್ಲಿ ನಿಂತಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ದೇಶದಾದ್ಯಂತ ತಡೆಯಿತು. ಆದರೂ ಎಣ್ಮಕಜೆ ಮೊದಲಾದ ಊರುಗಳ ಮನೆಗಳಲ್ಲಿ ಅದರ ನೋವು ಇಂದಿಗೂ ಮುಗಿದಿಲ್ಲ. ಅಂಥ ಊರಿನವರಾದ ನಾವು ಇನ್ನೊಂದು ಜೀವದ ತೊಟ್ಟಿಲಿಗೆ ವಿಷದ ಎಳೆ ಹಾಕಬಾರದು.

ಹಾಗಾದರೆ ಏನನ್ನೂ ಕೊಡಬಾರದೇ? ಕೊಡಬಹುದು. ತೆಂಗಿನ ಸಿಪ್ಪೆಯ ನಾರನ್ನು ಬಿಡಿಸಿ, ಬೆರಳುದ್ದದ ಎಳೆಗಳಾಗಿ ಮಾಡಿ ಬೇಲಿಯ ಮೇಲೆ ಸಡಿಲವಾಗಿ ಇಡಬಹುದು. ಬೂರುಗದ ಹತ್ತಿ, ಬೈಹುಲ್ಲು, ಒಣಗಿದ ಸಣ್ಣ ಬೇರು, ಕೋಳಿಯ ಉದುರಿದ ಗರಿ ಆಗಬಹುದು. ಬಣ್ಣ ಹಾಕಿದ್ದು, ಸಾಬೂನಿನ ವಾಸನೆಯದು, ಅಡಿಕೆತೋಟದ ಮದ್ದು ಸಿಂಪಡಿಸುವಾಗ ಬಳಸಿದ ಹಗ್ಗದ ತುಂಡು ಬೇಡ. ನೈಲಾನ್, ಪ್ಲಾಸ್ಟಿಕ್ಕುಗಳು ಮನೆಗೆ ಬರುವ ಹರಿತಕರ್ಮ ಸೇನೆಯ ಸಹೋದರಿಯರ ಚೀಲಕ್ಕೆ ಹೋಗಲಿ. ಮರದ ಕೊಂಬೆಗೆ ಬೇಡ.

ಆದರೆ ನಮ್ಮ ಮುಖ್ಯ ಮಾತು ಇದಲ್ಲ. ಹಕ್ಕಿಗಳಿಗೆ ಗೂಡಿನ ಸಾಮಾನು ಸಾಲದಾಗುತ್ತಿದೆಯೆಂದರೆ ನಾವು ಕೊಡದಿರುವುದು ಅದಕ್ಕೆ ಕಾರಣವಲ್ಲ. ಇದ್ದದ್ದನ್ನು ತೆಗೆದುದೇ ಕಾರಣ. ಮಣ್ಣಿನ ಅಂಗಳಕ್ಕೆ ಇಂಟರ್‌ಲಾಕ್ ಹಾಸಿದೆವು. ಗೂಡಿನೊಳಗೆ ಮೆತ್ತಲು ಗೀಜಗ ಹಸಿಮಣ್ಣನ್ನು ಎಲ್ಲಿಂದ ತರಬೇಕು? ಕೇರಳದಲ್ಲಿ 1970ರ ದಶಕದ ನಡುವೆ ಸುಮಾರು 8.8 ಲಕ್ಷ ಹೆಕ್ಟೇರಿನಲ್ಲಿದ್ದ ಬತ್ತದ ಬೇಸಾಯ ಇಂದು ಸುಮಾರು 2 ಲಕ್ಷ ಹೆಕ್ಟೇರಿಗೆ ಇಳಿದಿದೆ. ಗದ್ದೆಯೊಂದಿಗೆ ಗೀಜಗನ ಗರಿಯೂ ಹೋಯಿತು, ಮರಿಗಳ ಆಹಾರವೂ ಹೋಯಿತು. ಬಿಸು ಹಬ್ಬಕ್ಕೆ ಮನೆ ಸಾರಿಸಿ ಗುಡಿಸುವಾಗ ಮಾಡಿನ ಮೂಲೆಯ ಬಲೆಯನ್ನೆಲ್ಲ ಬಳಿದು ಸುಡುತ್ತೇವೆ. ಅನೇಕ ಹಕ್ಕಿಗಳು ಗೂಡು ಕಟ್ಟುವ ಕಾಲವೂ ಅದೇ.

ಆದುದರಿಂದ ನಮ್ಮ ಸೂಚನೆ ತೀರ ಸರಳ. ಮನೆಯೊಳಗೆ ಬೇಕಾದಷ್ಟು ಗುಡಿಸೋಣ. ಹಟ್ಟಿಯ ಹಿಂದಿನ ಮಾಡಿನ ಬಲೆಯನ್ನು ಮಾತ್ರ ಮಳೆಗಾಲದವರೆಗೆ ಬಿಡೋಣ. ಅಂಗಳಕ್ಕೆಲ್ಲ ಕಲ್ಲು ಹಾಸಿದ್ದರೂ ಬಾವಿಕಟ್ಟೆಯ ಬಳಿ ನಾಲ್ಕು ಮಾರು ಮಣ್ಣು ಹಾಗೆಯೇ ಇರಲಿ. ತರಗೆಲೆಗೆ ಬೆಂಕಿ ಹಚ್ಚದೆ ಮರದ ಬುಡಕ್ಕೆ ಒಟ್ಟೋಣ. ಬೇಲಿಯಂಚಿನ ಪೊದೆಯನ್ನು ಒಂದೇ ದಿನ ಬೋಳಿಸುವುದು ಬೇಡ. ಇದಕ್ಕೆ ಕಾಸಿನ ಖರ್ಚಿಲ್ಲ. ಕೈಯ ಕತ್ತಿಯನ್ನು ಸ್ವಲ್ಪ ತಡೆದರೆ ಸಾಕು.

ವಿದ್ಯಾರ್ಥಿ ಮಿತ್ರರು ಈ ವರ್ಷ ಶಾಲೆಯ ತೋಟದಿಂದಲೇ ಇದನ್ನು ಆರಂಭಿಸಲಿ. ನೂಲಿನ ಗಂಟುಗಳನ್ನು ತೂಗಹಾಕುವ ಬದಲು ಆವರಣದ ಒಂದು ಮೂಲೆಯನ್ನು ಯಾರೂ ಗುಡಿಸದ ಮೂಲೆಯೆಂದು ಗೊತ್ತುಮಾಡಲಿ. ಅಲ್ಲಿ ಏನು ಬಿದ್ದಿತು, ಯಾವ ಹಕ್ಕಿ ಏನನ್ನು ಒಯ್ದಿತು ಎಂದು ತರಗತಿವಾರು ಬರೆದಿಡಲಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಆ ಟಿಪ್ಪಣಿಗಳನ್ನು ಓದಲು ನಾವು ಕಾದಿರುತ್ತೇವೆ.