ತಂತಿ ಹಾಕಿದ ಹಲ್ಲು ಕಪ್ಪಾದರೆ ಕೀಳಿಸಬೇಡಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮಕ್ಕಳ ಹಲ್ಲಿನ ಮೇಲೆ ಕಲೆ ಕಂಡರೆ ಯಾರೂ ಗಾಬರಿಯಾಗುವುದಿಲ್ಲ. ಸದಾ ಹರಿಯುವ ನದಿಯಿಲ್ಲದ ಸೀಮೆ ಇದು. ಕೊಳವೆಬಾವಿಯ ನೀರು ಕುಡಿದು ಬೆಳೆದವರೇ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದೆಂಬುದು ನಮ್ಮ ದೇಶದ ಮಾನದಂಡ. ಇಲ್ಲಿನ ಎಷ್ಟೋ ಕೊಳವೆಬಾವಿಗಳು ಅದನ್ನು ಮೀರಿವೆ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಆ ನೀರು ಕುಡಿದರೆ ಬಿಳಿ ಗೆರೆ, ಹಳದಿ ಮತ್ತು ಕಂದು ಮಚ್ಚೆಗಳು ಉಳಿದುಬಿಡುತ್ತವೆ. 'ನೀರಿನ ಕಲೆ, ಬಿಡಿ' ಎಂದು ಮನೆಯ ಹಿರಿಯರು ಸುಮ್ಮನಾಗುತ್ತಾರೆ.

ಉಬ್ಬು ಹಲ್ಲನ್ನು ಸರಿಪಡಿಸಲು ತಂತಿ ಹಾಕಿಸಿಕೊಂಡ ಮಕ್ಕಳ ವಿಷಯದಲ್ಲಿ ಹೀಗೆ ಸುಮ್ಮನಾಗುವುದು ಸರಿಯಲ್ಲ. ನೀರಿನ ಕಲೆ ಹಲ್ಲು ಹುಟ್ಟುವಾಗಲೇ ಬಂದಿರುತ್ತದೆ. ಎಡಕ್ಕಿದ್ದಂತೆ ಬಲಕ್ಕೂ ಜೋಡಿಜೋಡಿಯಾಗಿ ಇರುತ್ತದೆ. ಸಾಯುತ್ತಿರುವ ಹಲ್ಲು ಹಾಗಲ್ಲ. ನಿನ್ನೆ ಮೊನ್ನೆಯವರೆಗೆ ಪಕ್ಕದ ಹಲ್ಲಿನಂತೆಯೇ ಇದ್ದದ್ದು ಒಂದೇ ಒಂದು ಬೂದು ಬಣ್ಣಕ್ಕೆ ತಿರುಗುತ್ತದೆ. ನೋವು ಇರಬಹುದು, ಇಲ್ಲದೆಯೂ ಇರಬಹುದು. ತಂತಿ ಬಿಗಿಸಿದ ಮೇಲಿನ ನೋವು ಸಾಮಾನ್ಯವಾಗಿ ನಾಲ್ಕೈದು ದಿನಗಳಲ್ಲಿ ಇಳಿಯುತ್ತದೆ. ಅದನ್ನೂ ಮೀರಿ ಒಂದೇ ಹಲ್ಲು ರಾತ್ರಿ ನಿದ್ದೆಗೆಡಿಸಿದರೆ, ಬಿಸಿ ಕಾಫಿ ತಾಗಿದಾಗ ಸಿಡಿದರೆ, ವಸಡಿನ ಮೇಲೆ ಕೀವುಗುಳ್ಳೆ ಎದ್ದರೆ ಮುಂದಿನ ತಿಂಗಳ ಸರದಿಗಾಗಿ ಕಾಯಬಾರದು.

ಇಂಥ ವೇಳೆ ಮನೆಯವರು ಮೊದಲು ಬೈಯುವುದು ತಂತಿಯನ್ನು. ಅತಿಯಾದ ಬಲ ಹಾಕಿದರೆ ತೊಂದರೆ ನಿಜ. ಆದರೆ ಹಗುರವಾದ, ಸರಿಯಾದ ಬಲದಿಂದ ಆರೋಗ್ಯವಾದ ಹಲ್ಲು ಸಾಯುವುದು ಅಪರೂಪ. ಬಹಳ ಸಲ ಮೂಲ ಹಿಂದೆ ಇರುತ್ತದೆ. ಮೂರನೇ ತರಗತಿಯಲ್ಲಿ ಸೈಕಲ್‌ನಿಂದ ಬಿದ್ದದ್ದು, ಕಬಡ್ಡಿಯಲ್ಲಿ ಮೊಣಕೈ ತಗುಲಿದ್ದು, ಇಲ್ಲವೇ ಆಳಕ್ಕಿಳಿದ ಹುಳುಕು. ಹಲ್ಲಿನೊಳಗಿನ ತಿರುಳಿಗೆ ರಕ್ತ ಬರುವುದು ಬೇರಿನ ತುದಿಯ ಸಣ್ಣ ರಂಧ್ರದಿಂದ. ಪೆಟ್ಟು ಬಿದ್ದಾಗ ಅಲ್ಲಿನ ನರ, ರಕ್ತನಾಳಗಳು ಜಖಂಗೊಂಡು, ವರ್ಷಗಳ ನಂತರ ತಿರುಳು ಸಾಯಬಹುದು. ಮುಂದಕ್ಕೆ ಚಾಚಿದ ಹಲ್ಲಿಗೇ ಪೆಟ್ಟು ಹೆಚ್ಚು. ತಂತಿ ಹಾಕಿಸಿಕೊಳ್ಳಲು ಬರುವವರೂ ಅದೇ ಹಲ್ಲಿನವರೇ!

ಇನ್ನು 'ಸತ್ತ ಹಲ್ಲು ಬಾಯಲ್ಲಿ ಯಾಕೆ, ಕಿತ್ತುಬಿಡಿ' ಎಂಬ ಸಲಹೆ. ಇದನ್ನು ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಒಳಗಿನ ತಿರುಳು ಸತ್ತರೂ ಹಲ್ಲನ್ನು ದವಡೆಗೆ ಹಿಡಿದಿಟ್ಟ ನಾರುಗಳು ಜೀವಂತವಾಗಿರುತ್ತವೆ. ತಂತಿ ಹಲ್ಲನ್ನು ಸರಿಸುವುದು ಬೇರಿನ ಹೊರಗಿರುವ ಈ ನಾರು ಮತ್ತು ಎಲುಬಿನ ನೆರವಿನಿಂದಲೇ ಹೊರತು ತಿರುಳಿನಿಂದಲ್ಲ. ಆದ್ದರಿಂದ ರೂಟ್ ಕೆನಾಲ್ ಮಾಡಿಸಿ ಸೋಂಕು ತೆಗೆದ ಹಲ್ಲು ಉಳಿದವುಗಳಂತೆಯೇ ಸರಿಯುತ್ತದೆ. ಚಿಕಿತ್ಸೆಯ ಅವಧಿಯಲ್ಲಿ ಆ ಒಂದು ಹಲ್ಲಿಗೆ ಬಲ ಬೀಳದಂತೆ ತಂತಿ ಸಡಿಲಿಸಿದರೆ ಸಾಕು. ಇಡೀ ತಂತಿಯನ್ನು ಕೀಳಿಸಿ ಎರಡು ವರ್ಷದ ಶ್ರಮ ಹಾಳುಮಾಡಬೇಕಿಲ್ಲ. ಹದಿನಾಲ್ಕರ ಹುಡುಗಿಯ ಬಾಚಿಹಲ್ಲು ಕಿತ್ತರೆ ಬೆಳವಣಿಗೆ ಮುಗಿಯುವವರೆಗೆ ಅಲ್ಲಿ ಇಂಪ್ಲಾಂಟ್ ಕೂರಿಸಲು ಬರುವುದಿಲ್ಲ. ಅಷ್ಟರಲ್ಲಿ ಎಲುಬೂ ಸವೆಯುತ್ತದೆ. ಕೀಳಿಸುವುದು ಅಗ್ಗವೆಂದು ಈ ದಿನ ಕಂಡದ್ದು ಮದುವೆಯ ವಯಸ್ಸಿಗೆ ದುಬಾರಿಯಾಗುತ್ತದೆ.

ಆದರೆ ಬೂದು ಬಣ್ಣ ಕಂಡ ಕೂಡಲೇ ಹಲ್ಲು ಕೊರೆಯಲೂ ಬಾರದು. ಪೆಟ್ಟು ತಿಂದ ಹಲ್ಲು ಕೆಲವೊಮ್ಮೆ ತಾನಾಗಿ ಚೇತರಿಸಿಕೊಳ್ಳುತ್ತದೆ. ತಂತಿ ಇರುವಾಗ ತಣ್ಣನೆಯ ಅಥವಾ ವಿದ್ಯುತ್ ಪರೀಕ್ಷೆಗೆ ಹಲ್ಲು ಸ್ಪಂದಿಸದಿದ್ದ ಮಾತ್ರಕ್ಕೆ ಅದು ಸತ್ತಿದೆ ಎನ್ನಲಾಗದು. ಎಕ್ಸ್‌ರೇ, ವಸಡು, ಪಕ್ಕದ ಹಲ್ಲು, ಕೆಲವು ವಾರಗಳ ನಂತರ ಮತ್ತೊಂದು ಪರೀಕ್ಷೆ, ಇವೆಲ್ಲ ಒಂದೇ ಮಾತು ಹೇಳಿದಾಗ ಮಾತ್ರ ಕೈಹಾಕಬೇಕು.

ನಮ್ಮ ಊರುಗಳ ತೊಡಕು ಬೇರೆಯೇ ಇದೆ. ಸಣ್ಣ ಊರಿನ ಎಷ್ಟೋ ದಂತ ಚಿಕಿತ್ಸಾಲಯಗಳಿಗೆ ವಕ್ರದಂತ ತಜ್ಞರು ಬರುವುದು ತಿಂಗಳಿಗೊಮ್ಮೆ, ಎರಡು ಸಲ. ಅವರು ಹಲ್ಲು ಸರಿಸುತ್ತಾರೆ, ಇನ್ನೊಬ್ಬರು ರೂಟ್ ಕೆನಾಲ್ ಮಾಡುತ್ತಾರೆ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಮಾವಿನ ಸುಗ್ಗಿ ಬಂತೆಂದರೆ ಶ್ರೀನಿವಾಸಪುರದ ಮನೆಗಳಲ್ಲಿ ಮಕ್ಕಳ ಹಲ್ಲಿನ ಸರದಿ ಎರಡು ತಿಂಗಳು ಮುಂದಕ್ಕೆ ಹೋದರೂ ಆಶ್ಚರ್ಯವಿಲ್ಲ. ಹೀಗಿರುವಾಗ ತಂತಿ ಹಾಕುವ ಮೊದಲೇ ಮುಂಭಾಗದ ಹಲ್ಲುಗಳ ಎಕ್ಸ್‌ರೇ ತೆಗೆಸಿ, ಹಿಂದೆ ಬಿದ್ದ ಪೆಟ್ಟುಗಳನ್ನು ಕೇಳಿ ಬರೆದುಕೊಳ್ಳಬೇಕು, ಒಂದು ಬಣ್ಣದ ಫೋಟೋ ಇಟ್ಟುಕೊಳ್ಳಬೇಕು. ಇಷ್ಟು ಮಾಡದ ಕಡೆ ತಂತಿ ಹಾಕಿಸಬೇಡಿ ಎಂದೇ ನಾನು ಹೇಳುವುದು. ಕಡತದ ಒಂದು ಪ್ರತಿ ಮನೆಯಲ್ಲಿರಲಿ. ಸಂದೇಹವಿದ್ದರೆ ಕೆ.ಜಿ.ಎಫ್.ನ ದಂತ ಕಾಲೇಜು ಆಸ್ಪತ್ರೆಯಲ್ಲೋ, ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲೋ ಇನ್ನೊಂದು ಅಭಿಪ್ರಾಯ ಕೇಳಬಹುದು. ಮಾಲೂರಿನವರಿಗೆ ಬೆಂಗಳೂರಿಗೆ ರೈಲೇ ಇದೆ.

ಕೊನೆಗೆ ಬಣ್ಣದ ಮಾತು. ರೂಟ್ ಕೆನಾಲ್ ಆದ ಹಲ್ಲನ್ನು ತಂತಿ ತೆಗೆದ ಬಳಿಕ ಒಳಗಿನಿಂದಲೇ ಬಿಳಿಚಿಸಬಹುದು. ಎಷ್ಟು ಬಿಳುಪು ಬೇಕೆಂದು ವೈದ್ಯರು ಕೇಳಿದಾಗ ಸಿನಿಮಾ ನಟಿಯ ಹಲ್ಲು ತೋರಿಸಬೇಡಿ. ನೀರಿನ ಕಲೆಯಿರುವ ಸಾಲಿನಲ್ಲಿ ಅದೊಂದೇ ಹೊಳೆಯುತ್ತದೆ. ಪಕ್ಕದ ಹಲ್ಲನ್ನು ತೋರಿಸಿ.