ಮಳೆ ಇಲ್ಲದ ಊರಿಗೆ ಮಹಾಪೂರ

ಮಸ್ಕಿಯಿಂದ ಮೊಮ್ಮಗ ಫೋನ್ ಮಾಡಿದ್ದ. "ತಾತ, ನಮ್ಮೂರಾಗ ಒಂದು ಹನಿ ಮಳಿ ಇಲ್ಲ. ಲಿಂಗಸುಗೂರು ಕಡೆ ಹೊಳಿ ತುಂಬಿ ಬಂದೈತಂತ. ಅದ್ಹೆಂಗ?"

ಮಕ್ಕಳೇ, ಆ ಮಳೆ ಬೀಳುವುದು ದೂರದ ಮಹಾಬಳೇಶ್ವರದ ಘಟ್ಟದಲ್ಲಿ. ನೀರು ಆಲಮಟ್ಟಿ ದಾಟಿ ನಾರಾಯಣಪುರದ ಬಸವಸಾಗರಕ್ಕೆ ಬರುತ್ತದೆ. ಅಲ್ಲಿ ಗೇಟು ಎತ್ತಿದರೆ ಕೆಳಗೆ ನಮ್ಮ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಒಂದು ಲಕ್ಷ ಕ್ಯೂಸೆಕ್ ಬಿಟ್ಟರು ಎಂದು ಪೇಪರಿನಲ್ಲಿ ಓದುತ್ತೀರಲ್ಲ, ಅದು ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್. ಐದು ಸಾವಿರ ಲೀಟರಿನ ನೀರಿನ ಟ್ಯಾಂಕರ್ ಲೆಕ್ಕ ಹಿಡಿದರೆ ಸೆಕೆಂಡಿಗೆ 560 ಟ್ಯಾಂಕರ್! (ಲೆಕ್ಕ ಹಾಕುವ ಚಟ ನಿವೃತ್ತಿಯಾದರೂ ಬಿಟ್ಟಿಲ್ಲ.)

ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣೆ ಬಂಡೆಗಳ ನಡುವೆ ಸೀಳಿಕೊಂಡು ಹರಿಯುತ್ತಾಳೆ. ಹಳೆಯ ಕೋಟೆಯ ಜಲದುರ್ಗ, ಕರಕಲಗಡ್ಡಿ, ಮ್ಯಾದರಗಡ್ಡಿ, ಎಲ್ಲ ನಡುಗಡ್ಡೆಗಳೇ. ಹೊಳೆ ಏರಿದರೆ ಅಲ್ಲಿಯವರಿಗೆ ಸಂತೆ, ಆಸ್ಪತ್ರೆ, ಶಾಲೆ ಯಾವುದೂ ಇಲ್ಲ.

ನಾನು ಬ್ಯಾಂಕಿನಲ್ಲಿದ್ದಾಗ ಗಡ್ಡಿಯ ಒಬ್ಬಾಕೆ ಕುರಿ ಸಾಲ ಪಡೆದಿದ್ದಳು. ಕಂತು ತಪ್ಪಿತು. ನಾನು ದಂಡಬಡ್ಡಿ ಬರೆದೆ. ಎರಡು ತಿಂಗಳ ಮೇಲೆ ಬಂದು ಸೆರಗಿನ ಗಂಟು ಬಿಚ್ಚಿದಳು. "ಹೊಳಿ ದಾಟಾಕ ಆಗಲಿಲ್ರೀ ಸಾಹೇಬ್ರ."

"ತೆಪ್ಪ ಇರಲಿಲ್ಲೇನವ್ವ?"

"ತೆಪ್ಪದಾಗ ನಾ ಬರಬಹುದ್ರೀ. ಕುರಿ ಯಾರ ಕೈಯಾಗ ಬಿಡ್ಲಿ?"

ಲೆಡ್ಜರಿನಲ್ಲಿ ಹೊಳೆಗೆ ಕಾಲಮ್ ಇರಲಿಲ್ಲ. ದಂಡವನ್ನೂ ಎಣಿಸಿ ತೆಗೆದುಕೊಂಡೆ. ಸಣ್ಣ ಮೊತ್ತ. ಮ್ಯಾನೇಜರರನ್ನು ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ.

ನಾರಾಯಣಪುರದ ಅಣೆಕಟ್ಟು ಮುಗಿದದ್ದು 1982ರಲ್ಲಿ. ಮರುವರ್ಷ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ ಒಂದು ಅಣೆಕಟ್ಟು ನಿಂತೇ ಹೋಯಿತು. ಫ್ರಾಂಕ್ಲಿನ್ ಎಂಬ ನದಿ ದಟ್ಟ ಕಾಡಿನಲ್ಲಿ ತನ್ನ ಪಾಡಿಗೆ ಹರಿಯುತ್ತಿತ್ತು. ವಿದ್ಯುತ್ತಿಗಾಗಿ ಅದನ್ನು ಮುಳುಗಿಸಲು ಹೊರಟಾಗ ಸಾವಿರಾರು ಜನ ಅಡ್ಡ ನಿಂತರು, ಜೈಲಿಗೂ ಹೋದರು. ಕಡೆಗೆ ಅಲ್ಲಿಯ ಹೈಕೋರ್ಟ್ ತೀರ್ಪು ಬಂತು: ನಾಲ್ವರು ನ್ಯಾಯಾಧೀಶರು ನದಿಯ ಕಡೆ, ಮೂವರು ಅಣೆಕಟ್ಟಿನ ಕಡೆ. ಒಂದೇ ಮತ!

ನಮ್ಮದು ಹಾಗಲ್ಲ. ಸಿಂಧನೂರಿನಲ್ಲಿ ನಾನು ಉಣ್ಣುವ ಅನ್ನ ತುಂಗಭದ್ರಾ ಕಾಲುವೆಯದು. ಅಣೆಕಟ್ಟು ಬೇಡ ಎನ್ನಲು ನನಗೆ ಬಾಯಿಲ್ಲ. ಆದರೆ ಗೇಟು ಎತ್ತುವ ಮೊದಲೇ ಗಡ್ಡಿಯ ಜನ, ಕುರಿ ಎರಡಕ್ಕೂ ದಡದಲ್ಲಿ ಜಾಗ ಆಗಬೇಕು. ಎತ್ತರದ ಸೇತುವೆಯೂ ಬೇಕು.

ಇದೆಲ್ಲ ಹೇಳಿದ ಮೇಲೆ ಮೊಮ್ಮಗ ಕೇಳಿದ್ದು ಒಂದೇ: "ತಾತ, ಆ ದಂಡದ ರೊಕ್ಕ ವಾಪಸ್ ಕೊಟ್ಟ್ಯೋ ಇಲ್ಲೋ?"